ಒಂದೂಕಾಲು ಅಂಗುಲ ಎಲ್ಲಿ ಹೋಯಿತು?

೧೯೩೭ರಲ್ಲಿ ನಾನು ಮಧುಗಿರಿಯಲ್ಲಿ ಪೊಲೀಸ್ ಆರ್ಮರರ್ ಆಗಿದ್ದೆ. ಆರ್ಮರರ್ ಎಂದರೆ ಇಲಾಖೆಯ ಬಂದೂಕುಗಳನ್ನು ರಿಪೇರಿ ಮಾಡಿ ಸುಸ್ಥಿತಿಯಲ್ಲಿಡುವವನು. ಅದರ ಜೊತೆಗೆ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ಪರವಾನಗಿ ಪಡೆದವರ ಕೋವಿಗಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ, ಆಯುಧಗಳ ರಿಜಿಸ್ಟರಿನಲ್ಲಿ ‘ಸರಿ’ ಎಂದು ಬರೆದು ರುಜು ಹಾಕುವುದೂ ನನ್ನ ಕೆಲಸವೇ. ನಾನು ಮದಲೂರಿನ ಕಮ್ಮಾರರ ಮಗ. ಅಪ್ಪನ ಕುಲುಮೆಯಲ್ಲಿ ಕುಡುಗೋಲು ತಟ್ಟಿದ ಈ ಕೈ ಸೀಮೆಯಿಂದ ಬಂದ ರಿವಾಲ್ವರನ್ನು ಬಿಚ್ಚಿ ಜೋಡಿಸುತ್ತದೆಯಲ್ಲ ಎಂದು ಊರಿಗೆ ಹೋದಾಗಲೆಲ್ಲ ಎದೆ ಉಬ್ಬಿಸಿಕೊಂಡು ತಿರುಗುತ್ತಿದ್ದೆ. ಆ ಹೆಮ್ಮೆ ಈಗಲೂ ಇದೆ. ಅದನ್ನು ಬಚ್ಚಿಡುವ ದರ್ದು ನನಗಿಲ್ಲ.

ರಿಜಿಸ್ಟರನ್ನು ನಾನು ಪಡೆದದ್ದು ಹವಾಲ್ದಾರ್ ನಂಜುಂಡಯ್ಯನವರಿಂದ. ನನಗಿಂತ ಮುಂಚೆ ಮಧುಗಿರಿಯಲ್ಲಿ ಆಯುಧಗಳ ಉಸ್ತುವಾರಿ ನೋಡಿಕೊಂಡವರು ಅವರು. ಆರು ತಿಂಗಳು ತಮ್ಮ ಕೈಕೆಳಗೆ ಇಟ್ಟುಕೊಂಡು ನನಗೆ ಕೆಲಸ ಕಲಿಸಿದರು. ಆಮೇಲೆ ನನ್ನನ್ನು ಬೆಂಗಳೂರಿಗೆ ತರಬೇತಿಗೆ ಕಳಿಸಿ, ತಾವು ಪಿಂಚಣಿ ಪಡೆದು ಕೊರಟಗೆರೆ ತಾಲ್ಲೂಕಿನ ಕೊಳಾಲಕ್ಕೆ ಹೋಗಿ ಹೊಲಮನೆ ನೋಡಿಕೊಂಡಿದ್ದರು. ರಿಜಿಸ್ಟರಿನಲ್ಲಿದ್ದ ನೂರಾರು ಕೋವಿಗಳಲ್ಲಿ ಹೆಚ್ಚಿನವು ಅವರೇ ಅಳೆದು, ಅವರೇ ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಬರೆದವು. ಅಳೆಯುವುದಕ್ಕೆ ಅವರ ಬಳಿ ಒಂದು ಗಜ ಇತ್ತು. ಗಜ ಎಂದರೆ ನಾಡಕೋವಿಗೆ ಮದ್ದು ಗಿಡಿಯುವ ಕಡ್ಡಿ. ಅವರದು ಹಿತ್ತಾಳೆಯ ತುದಿ ಹಾಕಿದ ತೇಗದ ಕಡ್ಡಿ. ಅದನ್ನು ಬ್ಯಾರೆಲ್ಲಿನ, ಅಂದರೆ ನಳಿಗೆಯ, ಬಾಯಿಯಿಂದ ತೂರಿಸಿ, ತಳ ಮುಟ್ಟಿದ ಮೇಲೆ ಬಾಯಿಯ ಅಂಚಿನಲ್ಲಿ ಹೆಬ್ಬೆರಳ ಉಗುರು ಒತ್ತಿ ಹಿಡಿದು, ಹೊರಗೆಳೆದು ಅಡಿಪಟ್ಟಿಯ ಮೇಲಿಡುತ್ತಿದ್ದರು. “ನನ್ ಹೆಬ್ಬೆರಳು ನೂಲಿನಷ್ಟೂ ಜಾರಲ್ಲ ಕಣ್ಲಾ” ಎನ್ನುತ್ತಿದ್ದರು. ನಿಜವಾಗಿಯೂ ಜಾರುತ್ತಿರಲಿಲ್ಲ. ನಾನು ಎಷ್ಟೋ ಸಲ ಪಂಥ ಕಟ್ಟಿ ಸೋತಿದ್ದೆ.

ಆ ವರ್ಷದ ಬೇಸಿಗೆಯಲ್ಲಿ ಪಾವಗಡದ ಶಾಂತಮ್ಮ ಎಂಬ ಹೆಂಗಸು ಎತ್ತಿನ ಗಾಡಿ ಕಟ್ಟಿಸಿಕೊಂಡು ಠಾಣೆಗೆ ಬಂದರು. ಅವರ ಯಜಮಾನರು ಬಟ್ಟೆ ವ್ಯಾಪಾರಿ. ಗಡಿಯಾಚೆಯ ಸಂತೆಗಳಿಗೆ ಮಾಲು ಸಾಗಿಸುತ್ತಿದ್ದರಾದ್ದರಿಂದ ದಾರಿಯ ರಕ್ಷಣೆಗೆಂದು ರಿವಾಲ್ವರ್ ಪರವಾನಗಿ ಪಡೆದಿದ್ದರು. ಅವರು ತೀರಿಹೋಗಿ ತಿಂಗಳಾಗಿತ್ತು. ಪರವಾನಗಿದಾರ ತೀರಿಹೋದರೆ ಆಯುಧವನ್ನು ಸರ್ಕಾರದ ವಶಕ್ಕೆ ಕೊಡಬೇಕು. ಆಕೆ ಅದನ್ನು ಕೆಂಪು ವಸ್ತ್ರದಲ್ಲಿ ಸುತ್ತಿ ತಂದು ಮೇಜಿನ ಮೇಲಿಟ್ಟು, “ತೀಸ್ಕೋಂಡಿ ಸ್ವಾಮಿ, ಇದು ಮನೇಲಿದ್ರೆ ನಂಗೆ ನಿದ್ದೆ ರಾದು” ಎಂದು ಪಾವಗಡದ ತೆಲುಗು ಬೆರೆತ ಮಾತಿನಲ್ಲಿ, ಇದು ಮನೆಯಲ್ಲಿದ್ದರೆ ನಿದ್ದೆ ಬರದು, ತೆಗೆದುಕೊಳ್ಳಿ ಎಂದು ಕೈಮುಗಿದರು.

ಇನ್ಸ್‌ಪೆಕ್ಟರು ಹೊಸಬರು. ಕೆಟ್ಟವರೇನಲ್ಲ, ಆದರೆ ಸಾಹಸದ ಹಸಿವು ಜಾಸ್ತಿ. ಅಮೆರಿಕದ ದರೋಡೆಕೋರರ ಕಥೆಗಳಿರುವ ಇಂಗ್ಲಿಷ್ ಪತ್ರಿಕೆಗಳನ್ನು ತರಿಸಿ ಓದುತ್ತಿದ್ದರು. ವಶಕ್ಕೆ ಬಂದ ಆಯುಧವನ್ನು ರಿಜಿಸ್ಟರಿನ ವಿವರಕ್ಕೆ ತಾಳೆ ನೋಡಬೇಕೆಂಬ ನಿಯಮವನ್ನು ಅವರು ತಾವೇ ಕೂತು ಪಾಲಿಸಿದರು. ನಂಬರು ತಾಳೆಯಾಯಿತು. ಐದು ಗುಂಡಿನದು ಎಂಬುದೂ ತಾಳೆಯಾಯಿತು. ಬ್ಯಾರೆಲ್ಲಿನ ಉದ್ದ ರಿಜಿಸ್ಟರಿನಲ್ಲಿ ಮೂರೂಮುಕ್ಕಾಲು ಅಂಗುಲ, ಅಡಿಪಟ್ಟಿ ಹಿಡಿದರೆ ಎರಡೂವರೆ. ಒಂದೂಕಾಲು ಅಂಗುಲ ಕಡಿಮೆ! ಮೇಲಾಗಿ ತುದಿಯಲ್ಲಿ ಗುರಿ ಹಿಡಿಯಲೆಂದು ಇರುವ ಗುರಿಮಣಿಯ ಬುಡದಲ್ಲಿ ಬೆಸುಗೆಯ ಗುರುತು, ಬಾಯಿಯ ಅಂಚಿನಲ್ಲಿ ಅರ ಆಡಿಸಿದ ಹೊಳಪು.

“ಸ್ನಬ್‌ನೋಸ್!” ಎಂದು ಇನ್ಸ್‌ಪೆಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು. “ಬಚ್ಚಿಟ್ಟುಕೊಳ್ಳೋದಕ್ಕೆ ಅಂತಲೇ ಕೊಯ್ದು ಮೊಂಡು ಮಾಡಿದ್ದಾರೆ. ಯಾರು ರಿಪೇರಿ ಮಾಡಿದ್ದು ಇದನ್ನ?”

ಶಾಂತಮ್ಮನವರಿಗೆ ಗೊತ್ತಿದ್ದದ್ದು ಇಷ್ಟೇ. ಹಿಂದಿನ ದೀಪಾವಳಿ ಕಳೆದ ಮೇಲೆ ಯಜಮಾನರು ಅದನ್ನು ಸಿರಾದ ಇಮಾಮ್ ಸಾಬರ ಬಳಿ ಕೊಟ್ಟು ರಿಪೇರಿ ಮಾಡಿಸಿದ್ದರು.

ಇಮಾಮ್ ಸಾಬರು ಮೂರು ತಲೆಮಾರಿನಿಂದ ಸರ್ಕಾರದ ಪರವಾನಗಿ ಪಡೆದು ಕೋವಿ ರಿಪೇರಿ ಮಾಡುತ್ತಿದ್ದ ಮನೆತನದವರು. ನನ್ನನ್ನು ಕಂಡರೆ “ಬಂದ್ರು ನೋಡಿ ಖಾಕಿ ಹಾಕಿದ ಲೋಹಾರ್ ಸಾಬ್” ಎಂದು ನನ್ನ ಕಮ್ಮಾರಿಕೆ ಹಿಡಿದು ಛೇಡಿಸುತ್ತಿದ್ದರು. ಮಾರನೆಯ ದಿನವೇ ಅವರನ್ನು ಹಿಡಿದು ತಂದು ಲಾಕಪ್ಪಿಗೆ ಹಾಕಿದರು. ಅಂಗಡಿಗೆ ಬೀಗ ಬಿತ್ತು. ವ್ಯಾಪಾರಿ ತೀರಿಹೋದವರು, ಅವರನ್ನು ಕೇಳುವಂತಿಲ್ಲ. ಹೀಗಾಗಿ ಉತ್ತರ ಕೊಡಬೇಕಾದವರು ಇವರೊಬ್ಬರೇ. ಆರೋಪ ರುಜುವಾದರೆ ಜೈಲು ಖಂಡಿತ, ಮೂರು ತಲೆಮಾರಿನ ಕಸುಬು ಅಲ್ಲಿಗೆ ಮುಗಿಯಿತು.

ಇನ್ಸ್‌ಪೆಕ್ಟರು ನನ್ನ ಮುಂದೆ ಒಂದು ಹೇಳಿಕೆಯನ್ನು ಬರೆದಿಟ್ಟರು. “ಈ ರಿವಾಲ್ವರಿನ ಬ್ಯಾರೆಲ್ಲನ್ನು ಕೊಯ್ದು ಗಿಡ್ಡ ಮಾಡಲಾಗಿದೆ” ಎಂದು ಆರ್ಮರರ್ ಆಗಿ ನಾನು ಸಹಿ ಮಾಡಬೇಕಿತ್ತು.

ಇಲ್ಲಿ ಓದುಗರಿಗೆ ಸ್ವಲ್ಪ ವಿವರ ಬೇಕು. ಸ್ನಬ್‌ನೋಸ್ ಅಥವಾ ಮೊಂಡುಮೂತಿ ಎಂಬುದಕ್ಕೆ ನಾನು ಕಂಡ ಯಾವ ಕಾನೂನು ಪುಸ್ತಕದಲ್ಲೂ ಅರ್ಥ ಬರೆದಿರಲಿಲ್ಲ. ಅದು ಕಸುಬಿನವರ ಮಾತು. ಬ್ಯಾರೆಲ್ಲು ಎರಡು ಅಂಗುಲದ ಆಸುಪಾಸು, ಹೆಚ್ಚೆಂದರೆ ಮೂರು ಅಂಗುಲ ಇರುವ ರಿವಾಲ್ವರನ್ನು ಹಾಗೆ ಕರೆಯುತ್ತಾರೆ. ನಾಲ್ಕಿದ್ದರೆ ಯಾರೂ ಮೊಂಡುಮೂತಿ ಎನ್ನುವುದಿಲ್ಲ. ಆದರೆ ಮೊಂಡುಮೂತಿ ಎಂದಾಕ್ಷಣ ಕಳ್ಳಮಾಲೆಂದು ಅರ್ಥವಲ್ಲ. ಕೋಟಿನ ಜೇಬಿನಲ್ಲಿಟ್ಟುಕೊಳ್ಳಲೆಂದು ಕಾರ್ಖಾನೆಯಲ್ಲೇ ಗಿಡ್ಡವಾಗಿ ತಯಾರಾದವು ಬೇಕಾದಷ್ಟಿವೆ. ಬುಲ್‌ಡಾಗ್ ಎಂಬ ಮಾದರಿ ಅಂಥದ್ದೇ. ವ್ಯಾಪಾರಿಯ ರಿವಾಲ್ವರೂ ನೋಡಲು ಆ ಜಾತಿಯದೇ. ನಾನು ಅದನ್ನೇ ಹೇಳಿದೆ.

“ಸರಿ. ಆದರೆ ಆ ಮಾದರಿಯನ್ನ ಹತ್ತು ದೇಶದವರು ನಕಲು ಮಾಡಿದ್ದಾರೆ. ಎಲ್ಲವೂ ಒಂದೇ ಉದ್ದವೇ?” ಎಂದರು ಇನ್ಸ್‌ಪೆಕ್ಟರು.

ಅಲ್ಲ. ಅದರ ಮೇಲೆ ತಯಾರಕರ ಹೆಸರೂ ಇರಲಿಲ್ಲ, ಬರೀ ನಂಬರು.

“ನಂಬರು ಅದೇ ಅಂದ ಮೇಲೆ ಆಯುಧ ಅದೇ. ಹತ್ತು ವರ್ಷದ ಹಿಂದೆ ಮೂರೂಮುಕ್ಕಾಲು ಇತ್ತು. ಇಲ್ಲಿ ನೋಡಿ, ಹೋದ ವರ್ಷವೂ ಸರಿ ಇದೆ ಅಂತ ಯಾರ ರುಜು ಇದೆ?”

ರುಜು ನನ್ನದೇ. ಅದರ ಹಿಂದಿನ ವರ್ಷದ್ದೂ ನನ್ನದೇ. ನಂಬರು ನೋಡಿದ್ದೆ, ಗುಂಡು ಹಾರಿಸುವ ಕುದುರೆ ಎಳೆದು ನೋಡಿದ್ದೆ. ಅಳತೆ ಹಿಡಿದಿರಲಿಲ್ಲ. ನಂಜುಂಡಯ್ಯನವರು ಬರೆದ ಅಂಕಿಯ ಮೇಲೆ ನಾನು ಪಟ್ಟಿ ಇಡುವುದೇ ಎಂಬ ಭಕ್ತಿ. ಹೀಗೆ ನನ್ನ ಸೋಮಾರಿತನಕ್ಕೆ ಭಕ್ತಿಯ ಅಂಗಿ ತೊಡಿಸಿದ್ದೆ. ರಿಪೇರಿಗೆ ಮುಂಚೆ ಅಳತೆ ಸರಿಯಿತ್ತೆಂದು ಸಾರುವ ಆ ಎರಡು ರುಜುಗಳು ಈಗ ಇಮಾಮ್ ಸಾಬರ ಕೊರಳಿಗೆ ಸುತ್ತಿಕೊಂಡಿದ್ದವು. ಹೇಳಿಕೆಗೆ ಸಹಿ ಹಾಕದೆ ಎರಡು ದಿನದ ಅವಕಾಶ ಕೇಳಿದೆ.

ಲಾಕಪ್ಪಿನಲ್ಲಿ ಇಮಾಮ್ ಸಾಬರು ಗೋಡೆಗೆ ಒರಗಿ ಕೂತಿದ್ದರು. ಛೇಡಿಸುವ ಗೆಲುವು ಇರಲಿಲ್ಲ.

“ಖುದಾ ಕಸಮ್, ನಾನು ನಳಿಗೆ ಕುಯ್ದಿಲ್ಲ ಸಾಬ್. ಸೇಠು ಗಾಡಿ ಮೇಲಿಂದ ಅದನ್ನ ಬಂಡೆ ಮೇಲೆ ಬೀಳಿಸ್ಕೊಂಡು ಬಂದಿದ್ರು. ಮಕ್ಖಿ ಹಾರೋಗಿತ್ತು, ಬಾಯಿ ಕಡೆ ಪೆಟ್ಟಾಗಿತ್ತು. ಬಾಯಿಗೆ ಅರ ಹಾಕಿ ನಯ ಮಾಡ್ದೆ, ಹೊಸಾ ಮಕ್ಖಿ ಕೂರಿಸಿ ಬೆಸುಗೆ ಹಾಕ್ದೆ. ಅಷ್ಟೇ.”

ಮಕ್ಖಿ ಎಂದರೆ ಅವರ ಮಾತಿನಲ್ಲಿ ಗುರಿಮಣಿ. “ಅರ ಎಷ್ಟು ಹಾಕಿದ್ರಿ?” ಎಂದೆ.

“ಕೂದಲಷ್ಟು. ಲೋಹಾರನ ಮಗ ನೀವು, ನಿಮ್ಗೆ ಗೊತ್ತಾಗಲ್ವಾ? ಒಂದೂಕಾಲು ಅಂಗುಲ ಕುಯ್ಯೋನು ಇಷ್ಟು ಚೆಂದ ಮಕ್ಖಿ ಯಾಕೆ ಕೂರಿಸ್ತಾನೆ? ಜೇಬಿಗೆ ಸಿಕ್ಕಾಕ್ಕೊಳ್ಳಲಿ ಅಂತಾನಾ?”

ಮಾತು ಸರಿಯೇ. ಆದರೆ ಮ್ಯಾಜಿಸ್ಟ್ರೇಟರ ಮುಂದೆ ಅದು ಸಾಕ್ಷಿಯಾಗುವುದಿಲ್ಲ.

ಮಧ್ಯಾಹ್ನ ರಿವಾಲ್ವರನ್ನು ನನ್ನ ಮೇಜಿನ ಮೇಲೆ ಬಿಚ್ಚಿ ಹರಡಿದೆ. ರಿವಾಲ್ವರಿನಲ್ಲಿ ಗುಂಡುಗಳು ಬ್ಯಾರೆಲ್ಲಿನೊಳಗೆ ಇರುವುದಿಲ್ಲ. ಅದರ ಹಿಂದೆ ತಿರುಗುವ ಸಿಲಿಂಡರಿನ ಗೂಡುಗಳಲ್ಲಿರುತ್ತವೆ. ಸುಮ್ಮನೆ ಕೈಗೆ ಸಿಕ್ಕಿದ್ದೆಂದು ಆ ಸಿಲಿಂಡರಿಗೆ ಅಡಿಪಟ್ಟಿ ಹಿಡಿದೆ. ಒಂದೂಕಾಲು ಅಂಗುಲ.

ಮತ್ತೆ ಹಿಡಿದೆ. ಒಂದೂಕಾಲು.

ಕಳೆದುಹೋದ ಒಂದೂಕಾಲು ಅಂಗುಲ ಎಲ್ಲೂ ಹೋಗಿರಲಿಲ್ಲ, ಅದು ಬ್ಯಾರೆಲ್ಲಿನಲ್ಲಿ ಇರಲೇ ಇಲ್ಲ. ನಾಡಕೋವಿಯಾದರೆ ಗಜ ಬ್ಯಾರೆಲ್ಲಿನ ತಳ ಮುಟ್ಟಿ ನಿಲ್ಲುತ್ತದೆ, ಆ ಅಳತೆ ಸರಿ. ರಿವಾಲ್ವರಿಗೆ ಅದೇ ಗಜ ತೂರಿಸಿದರೆ ಬ್ಯಾರೆಲ್ಲು ದಾಟಿ, ಅದರ ನೇರಕ್ಕಿರುವ ಸಿಲಿಂಡರಿನ ಖಾಲಿ ಗೂಡನ್ನೂ ದಾಟಿ, ಹಿಂದಿನ ತಟ್ಟೆಗೆ ತಗುಲಿ ನಿಲ್ಲುತ್ತದೆ. ಎರಡೂವರೆಗೆ ಒಂದೂಕಾಲು ಸೇರಿದರೆ ಮೂರೂಮುಕ್ಕಾಲು. ರಿವಾಲ್ವರಿನ ಬ್ಯಾರೆಲ್ಲನ್ನು ಬಾಯಿಯಿಂದ ಸಿಲಿಂಡರಿನ ಮುಂದಿನವರೆಗೆ ಮಾತ್ರ ಅಳೆಯಬೇಕೆಂದು ನನಗೆ ಬೆಂಗಳೂರಿನಲ್ಲಿ ಕಲಿಸಿದ್ದರು. ಅದನ್ನು ನಂಜುಂಡಯ್ಯನವರಿಗೆ ಯಾರೂ ಕಲಿಸಿರಲಿಲ್ಲ. ಜೀವಮಾನವೆಲ್ಲ ನಾಡಕೋವಿ ಅಳೆದ ಕೈ ಅದು.

ಮಾರನೆಯ ದಿನ ಬೆಳಿಗ್ಗೆ ಪಾಠಕ್ಕೆಂದು ಇಟ್ಟಿದ್ದ ಕೆಟ್ಟುಹೋದ ರಿವಾಲ್ವರೊಂದನ್ನು ರಸೀದಿ ಬರೆದಿಟ್ಟು ತೆಗೆದುಕೊಂಡು, ಕೊರಟಗೆರೆಯವರೆಗೆ ಬಸ್ಸಿನಲ್ಲಿ, ಅಲ್ಲಿಂದ ಬಾಡಿಗೆ ಸೈಕಲ್ಲಿನಲ್ಲಿ ಕೊಳಾಲ ಮುಟ್ಟಿದೆ. ನಂಜುಂಡಯ್ಯನವರು ಜಗಲಿಯ ಮೇಲೆ ಕೂತು ರಾಗಿ ಕುಯ್ಯುವ ಕುಡುಗೋಲಿಗೆ ಹಿಡಿ ಹಾಕುತ್ತಿದ್ದರು.

“ಏನ್ಲಾ, ಹೇಳ್ದೆ ಕೇಳ್ದೆ ಬಂದ್ಬುಟ್ಟೆ? ಲೇ ಇವಳೇ, ನಮ್ ಹುಡ್ಗ ಬಂದವ್ನೆ, ಮಜ್ಜಿಗೆ ತಾ” ಎಂದು ಮನೆಯೊಳಕ್ಕೆ ಕೂಗಿದರು. ಮೀಸೆ ಬೆಳ್ಳಗಾಗಿತ್ತು, ಬೆನ್ನು ಮಾತ್ರ ಹಾಗೆಯೇ ನೆಟ್ಟಗಿತ್ತು.

ನೇರವಾಗಿ ಹೇಳಲು ಬಾಯಿ ಬರಲಿಲ್ಲ. ಚೀಲದಿಂದ ರಿವಾಲ್ವರ್ ತೆಗೆದು, “ಇದರ ಉದ್ದ ಒಂದು ಸಲ ಅಳೆದುಕೊಡಿ” ಎಂದೆ. ಅವರ ಮುಖ ಅರಳಿತು. ಅಟ್ಟದಿಂದ ಗಜ ಬಂತು. ತೂರಿಸಿದರು, ಉಗುರು ಒತ್ತಿದರು, ಪಟ್ಟಿಯ ಮೇಲಿಟ್ಟರು. “ಐದೂವರೆ. ಬರ್ಕೋ.”

“ಕಾರ್ಖಾನೆಯವರು ನಾಲ್ಕು ಅಂತ ಬರೆದಿದ್ದಾರೆ” ಎಂದೆ. ಅವರು ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದರು. ನಾನು ಸಿಲಿಂಡರನ್ನು ಮುಟ್ಟಿ ತೋರಿಸಿ, ಇಮಾಮ್ ಸಾಬರ ವಿಷಯವನ್ನೆಲ್ಲ ಹೇಳಿದೆ. ಹೇಳುತ್ತ ಹೋದಂತೆ ಅವರ ಮುಖ ಕಪ್ಪಾಯಿತು.

“ನನ್ಗೇ ಪಾಠ ಹೇಳಾಕ್ ಬಂದ್ಯೇನ್ಲಾ? ನಿಂಗೆ ಗಜ ಹಿಡಿಯೋದು ಕಲಿಸ್ದೋನು ನಾನು! ನನ್ ರುಜು ಸುಳ್ಳು ಅಂತ ನಾಲ್ಕು ಜನದ ಮುಂದೆ ಹೇಳ್ಬೇಕಾ ನಾನು?” ಎಂದವರೇ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅವರ ಹೆಂಡತಿ ಮಜ್ಜಿಗೆ ತಂದುಕೊಟ್ಟರು. “ಕೋಪ ಇಳೀಲಿ ತಡಿಯಪ್ಪ” ಎಂದರು. ವಿಚಾರಣೆ ಬುಧವಾರ ಹನ್ನೊಂದು ಗಂಟೆಗೆ ಎಂದಷ್ಟೇ ಆ ತಾಯಿಗೆ ಹೇಳಿ ಸೈಕಲ್ ಹತ್ತಿದೆ. ದಾರಿಯುದ್ದಕ್ಕೂ ನನ್ನ ಮೇಲೇ ನನಗೆ ಸಿಟ್ಟು. ಆ ಮನುಷ್ಯನಿಗೆ ಬದುಕಿನಲ್ಲಿ ಉಳಿದಿದ್ದ ಆಸ್ತಿ ಆ ಅಕ್ಷರಗಳೇ. ನಾನು ಹೋಗಿ ಅದಕ್ಕೇ ಕೈ ಹಾಕಿದ್ದೆ.

ಇನ್ಸ್‌ಪೆಕ್ಟರ ಹೇಳಿಕೆಗೆ ನಾನು ಸಹಿ ಹಾಕಲಿಲ್ಲ. ಬುಧವಾರ ಮ್ಯಾಜಿಸ್ಟ್ರೇಟರ ಮುಂದೆ ನಿಂತು, ಅಳತೆ ಹಿಡಿಯದೆ ಎರಡು ವರ್ಷ ‘ಸರಿ’ ಎಂದು ಬರೆದದ್ದು ನನ್ನ ತಪ್ಪೆಂದು ಮೊದಲೇ ಒಪ್ಪಿಕೊಂಡೆ. ಆಮೇಲೆ ಗಜದ ವಿಷಯ ವಿವರಿಸಿದೆ. ಸರ್ಕಾರಿ ವಕೀಲರು ನಕ್ಕರು. “ಮೂವತ್ತು ವರ್ಷ ಸರ್ವಿಸಿನ ಹವಾಲ್ದಾರರಿಗೆ ಅಳೆಯಲು ಬರುತ್ತಿರಲಿಲ್ಲ, ನಿನ್ನೆ ಮೊನ್ನೆ ಬಂದ ತಮಗೆ ಬರುತ್ತದೆ ಅನ್ನಿ!” ಎಂದರು. ಕಟಕಟೆಯಲ್ಲಿದ್ದ ಇಮಾಮ್ ಸಾಬರು ತಲೆ ತಗ್ಗಿಸಿದರು.

ಮ್ಯಾಜಿಸ್ಟ್ರೇಟರು ಸಮಾಧಾನದ ಮನುಷ್ಯ. “ನೀವು ಹೇಳಿದ್ದು ಲೆಕ್ಕಕ್ಕೆ ಕೂಡುತ್ತದೆ. ಆದರೆ ಅವರು ಹೀಗೆಯೇ ಅಳೆದರು ಎಂಬುದು ನಿಮ್ಮ ಊಹೆ. ಅಳೆದವರು ಹೇಳಬೇಕು” ಎಂದರು.

“ಅಳೆದೋನು ಇಲ್ಲೇ ಇವ್ನೆ ಬುದ್ಧಿ” ಎಂಬ ದನಿ ಬಾಗಿಲ ಕಡೆಯಿಂದ ಬಂತು.

ನಂಜುಂಡಯ್ಯನವರು! ಹಳೆಯ ಸರ್ವಿಸ್ ಕೋಟು, ಜರಿ ಪೇಟ, ಕೈಯಲ್ಲಿ ಪಂಚೆಯಲ್ಲಿ ಸುತ್ತಿದ ಗಜ. ಪ್ರಮಾಣ ಮಾಡಿಸಿದ ಮೇಲೆ ಅವರು ಕೇಳಿದ್ದು ಒಂದೇ, ಆ ರಿವಾಲ್ವರು ತಮ್ಮ ಕೈಗೆ ಬೇಕು. ಅದು ಖಾಲಿ ಇದೆಯೆಂದು ಎಲ್ಲರಿಗೂ ತೋರಿಸಿ ನಾನು ಕೊಟ್ಟೆ. ನನ್ನ ಮುಖ ನೋಡಲಿಲ್ಲ ಅವರು. ಗಜ ತೂರಿಸಿದರು. ತಳ ಮುಟ್ಟಿದ ಸದ್ದು ಆ ಕೋರ್ಟಿನಲ್ಲಿ ಎಲ್ಲರಿಗೂ ಕೇಳಿಸಿತು. ಉಗುರು ಒತ್ತಿದರು. ಹೊರಗೆಳೆದು, ಬೆರಳು ಸಡಿಲಿಸದೆ, ಹಾಗೆಯೇ ಮೇಜಿನ ಮೇಲಿದ್ದ ಅಡಿಪಟ್ಟಿಯ ಮೇಲಿಟ್ಟರು.

“ತಾವೇ ಓದಿ ಬುದ್ಧಿ. ನಾನು ಓದಿದ್ರೆ ನನ್ ಬಾಯಿ ಮಾತಾಗ್ತದೆ.”

ಮ್ಯಾಜಿಸ್ಟ್ರೇಟರು ಬಗ್ಗಿ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. “ಮೂರೂಮುಕ್ಕಾಲು” ಎಂದರು.

“ಹತ್ತು ವರ್ಷದ ಹಿಂದೇನೂ ಇದೇ ಗಜಕ್ಕೆ, ಇದೇ ಬೆರಳಿಗೆ ಮೂರೂಮುಕ್ಕಾಲೇ ಸಿಕ್ಕಿದ್ದು. ಈ ಸಾಬಿ ನಳಿಗೆ ಕುಯ್ದಿದ್ರೆ ಇವತ್ತು ನಂಗೆ ಎರಡೂವರೆ ಸಿಗಬೇಕಾಗಿತ್ತು. ಕುಯ್ದಿಲ್ಲ. ಹೆಂಗಿತ್ತೋ ಅಂಗೇ ಐತೆ.”

“ಹಾಗಾದರೆ ಬ್ಯಾರೆಲ್ಲು ಮೂರೂಮುಕ್ಕಾಲು ಅಂಗುಲವೇ?” ಎಂದು ವಕೀಲರು ತಡವರಿಸುತ್ತ ಕೇಳಿದರು.

ಮುದುಕರು ಬೆರಳು ಸಡಿಲಿಸಿ ಗಜವನ್ನು ಮೇಜಿನ ಮೇಲೆ ಬಿಟ್ಟರು. ನನ್ನ ಕಡೆ ಒಮ್ಮೆ ನೋಡಿದರು. “ಅಲ್ಲ ಸ್ವಾಮಿ. ನಳಿಗೆ ಎರಡೂವರೆನೇ. ಹುಟ್ಟಿದಾಗ್ಲಿಂದ ಅದು ಮೊಂಡುಮೂತಿನೇ. ಗುಂಡು ತುಂಬೋ ಉರುಳೆ ಬ್ಯಾರೆ, ಅದನ್ನ ಬುಟ್ಟು ಅಳೀಬೇಕಾಗಿತ್ತು, ಸೇರಿಸ್ಕೊಂಡು ಅಳ್ದೆ. ನನ್ ಬೆರಳು ಜಾರಿಲ್ಲ. ಎಲ್ಲೀಗಂಟ ಅಳೀಬೇಕು ಅಂತ ನಂಗೆ ತಿಳೀದೇ ಹೋಯ್ತು. ತಪ್ಪು ನಂದು. ಬರ್ಕೊಳ್ಳಿ.”

ಎಷ್ಟೋ ಜನ ದೊಡ್ಡ ಅಧಿಕಾರಿಗಳು ಪದಕ ತೊಟ್ಟು ನಿಂತದ್ದನ್ನು ನಾನು ನೋಡಿದ್ದೇನೆ. ಆ ಹೊತ್ತು ಆ ಮಾಸಿದ ಕೋಟಿನಲ್ಲಿ ನಿಂತವರನ್ನು ನೋಡಿ ಆದ ಹೆಮ್ಮೆ ನನಗೆ ಮತ್ತೆ ಆಗಲಿಲ್ಲ. ಕಣ್ಣು ಒರೆಸಿಕೊಂಡೆ. ನಾಚಿಕೆಯೇನೂ ಅನ್ನಿಸಲಿಲ್ಲ.

ಇಮಾಮ್ ಸಾಬರು ಅಂದೇ ಬಿಡುಗಡೆಯಾದರು. ಕಚೇರಿಯ ಮೆಟ್ಟಿಲಿಳಿಯುತ್ತ ಅವರಿಗೆ ಹಳೆಯ ಗೆಲುವು ಮರಳಿತ್ತು. “ಹವಾಲ್ದಾರ್ ಸಾಬ್, ನಿಮ್ಮ ಹೆಬ್ಬೆರಳೇ ನನ್ನ ಒಳಗೆ ಹಾಕ್ತು, ನಿಮ್ಮ ಹೆಬ್ಬೆರಳೇ ಹೊರಗೆ ತಂತು” ಎಂದರು.

“ಬಾಯ್ಮುಚ್ಕೊಂಡು ಮನೀಗೋಗಯ್ಯಾ, ಮನೇಲಿ ಕಾಯ್ತಾವ್ರೆ” ಎಂದರು ನಂಜುಂಡಯ್ಯ. ಆದರೆ ಅವರ ಕೈ ಇಮಾಮ್ ಸಾಬರ ಭುಜದ ಮೇಲಿತ್ತು. ಇನ್ಸ್‌ಪೆಕ್ಟರು ಬಂದು ಇಬ್ಬರಿಗೂ ಕೈಮುಗಿದು, ಸಿರಾದ ಅಂಗಡಿಯ ಬೀಗದ ಕೈಯನ್ನು ತಾವೇ ಇಮಾಮ್ ಸಾಬರ ಕೈಗಿಟ್ಟರು. ಅವರ ಬಗ್ಗೆ ಇದನ್ನೂ ಹೇಳದಿದ್ದರೆ ನ್ಯಾಯವಲ್ಲ. ನನ್ನ ಸರ್ವಿಸ್ ಪುಸ್ತಕದಲ್ಲಿ ಒಂದು ಎಚ್ಚರಿಕೆ ಬಿತ್ತು. ಅದು ನ್ಯಾಯವಾಗಿಯೇ ಬಿದ್ದದ್ದು.

ಬಸ್ಸಿಗೆ ಕಾಯುವಾಗ ನಂಜುಂಡಯ್ಯ ಕೇಳಿದರು: “ಇಂಥಾ ರಿವಾಲ್ವರು ನಾನು ಬರ್ದಿರೋವು ಇನ್ನೆಷ್ಟವೆ?”

“ಆರು.”

“ಎಲ್ಲಾ ತಪ್ಪೇ. ನಡಿ, ನಾನೇ ಬತ್ತೀನಿ.”

ಇನ್ಸ್‌ಪೆಕ್ಟರ ಅಪ್ಪಣೆ ಪಡೆದು, ಮುಂದಿನ ಹದಿನೈದು ದಿನ ಬಸ್ಸು, ಗಾಡಿ, ನಡಿಗೆ ಎಲ್ಲದರಲ್ಲೂ ಅವರನ್ನು ಕರೆದುಕೊಂಡು ನಾಲ್ಕು ತಾಲ್ಲೂಕು ಸುತ್ತಿದೆ. ಪ್ರತಿ ಮನೆಯಲ್ಲೂ ಅವರು ಯಜಮಾನರಿಗೆ ತಮ್ಮ ತಪ್ಪನ್ನು ಬಾಯಿಬಿಟ್ಟು ಹೇಳಿ, ಬಾಯಿಯಿಂದ ಸಿಲಿಂಡರಿನ ಮುಂದಿನವರೆಗೆ ಹೊಸದಾಗಿ ಅಳೆದರು. ಹಳೆಯ ಅಂಕಿಯನ್ನು ಅಳಿಸಲು ಬಿಡಲಿಲ್ಲ. ಅದರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಸರಿಯಾದ ಅಂಕಿ ಬರೆದು, ಎಲ್ಲಿಂದ ಎಲ್ಲಿಗೆ ಎಂಬುದನ್ನೂ ಕಾಣಿಸಿ, ಕೆಳಗೆ ಅದೇ ಮುತ್ತಿನಂಥ ಅಕ್ಷರದಲ್ಲಿ ರುಜು ಹಾಕಿದರು. ಆರನೆಯದು ಹುಲಿಕುಂಟೆಯಲ್ಲಿತ್ತು. ಅದರ ರುಜು ಮುಗಿಸಿ, ಗಜವನ್ನು ಪಂಚೆಯಲ್ಲಿ ಸುತ್ತಿ ನನ್ನ ಕೈಗಿಟ್ಟರು. “ಇನ್ನು ನಿನ್ ಬೆರಳು ಕಣ್ಲಾ. ನಾನು ಬರ್ದಿದ್ದು ಅಂತ ಸುಮ್ಕಿರಬೇಡ” ಎಂದರು.

ಆ ಮೇಲೆ ನನ್ನ ಸರ್ವಿಸಿನಲ್ಲಿ ಅಳೆಯದೆ ನಾನು ಒಂದು ‘ಸರಿ’ಯನ್ನೂ ಬರೆದಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಅದನ್ನೇ. ಹಿರಿಯರ ಮೇಲೆ ಗೌರವವಿದ್ದರೆ ಅವರ ಅಂಕಿಯ ಮೇಲೆ ಮತ್ತೊಮ್ಮೆ ಪಟ್ಟಿ ಇಡಬೇಕು.

ನಾನು ನಿವೃತ್ತನಾದ ದಿನ ಹೊಸ ಆರ್ಮರರ್ ಬಂದು ರಿಜಿಸ್ಟರ್ ವಹಿಸಿಕೊಂಡರು. ರುಜು ಹಾಕುವ ಮುಂಚೆ ಅವರು ಸ್ವಲ್ಪ ಅಳುಕುತ್ತ, “ಸಾರ್, ತಪ್ಪು ತಿಳೀಬೇಡಿ, ತಾವು ಬರೆದಿದ್ದನ್ನ ನಾನು ಒಂದು ಸಲ ಅಳೆದು ನೋಡಲೇ?” ಎಂದರು. ನಾನು ಗಜಕ್ಕೆ ಸುತ್ತಿದ್ದ ಪಂಚೆ ಬಿಚ್ಚಿ ಅದನ್ನು ಅವರ ಕೈಗೆ ಕೊಟ್ಟೆ. ಅವರು ಠಾಣೆಯಲ್ಲಿದ್ದ ಕೋವಿಗಳನ್ನು ರಿಜಿಸ್ಟರಿನ ಮೊದಲನೆಯ ಪುಟದಿಂದ ಅಳೆಯಲು ಶುರುಮಾಡಿದರು. ನಾನು ಎದುರಿನ ಬೆಂಚಿನ ಮೇಲೆ ಕೂತು ಸಂಜೆಯವರೆಗೂ ನೋಡಿದೆ.